ಬರಿಗಾಲ ಓಟಗಾರರನ್ನು ಒಲಿಂಪಿಕ್ಸ್‌ಗೆ ಕಳುಹಿಸಿದ ಸರ್ ದೊರಾಬ್ಜಿ ಟಾಟಾ



ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ವಿಷಯ ಅರ್ಧಕ್ಕೇ ನಿಂತಿತು. ರಾಜ್ಯೋತ್ಸವದ ಆಟೋಟಗಳಲ್ಲಿ ಗೆದ್ದ ಮಕ್ಕಳಿಗೆ ಪ್ರತಿ ವರ್ಷ ನಾವು ಢಾಲು, ಪ್ರಮಾಣಪತ್ರ, ಒಂದು ಶಾಲು ಕೊಡುತ್ತೇವೆ. ಆ ಮಗು ಮುಂದಿನ ವಾರ ಜಿಲ್ಲಾ ಆಯ್ಕೆಗೆ ಹೋಗಲು ಬಸ್ಸಿನ ಖರ್ಚು ಯಾರು ಕೊಡುತ್ತಾರೆ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಆಟಕ್ಕೆ ಹಣ ಕೊಡುವುದು ಕನ್ನಡ ಸಂಘದ ಕೆಲಸವೇ ಎಂದು ಇನ್ನೊಬ್ಬರು ಕೇಳಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಹೊತ್ತಾಯಿತೆಂದು ಚಹಾ ಕುಡಿದು ಎದ್ದೆವು, ಠರಾವು ಆಗಲಿಲ್ಲ.

ಮನೆಗೆ ಬಂದ ಮೇಲೆ ನನಗೆ ನೆನಪಾದವರು ಸರ್ ದೊರಾಬ್ಜಿ ಟಾಟಾ. ಉಕ್ಕಿನ ಕಾರ್ಖಾನೆ ಕಟ್ಟಿದವರೆಂದು ಅವರ ಹೆಸರು ಎಲ್ಲರಿಗೂ ಗೊತ್ತು. ನಮ್ಮ ದೇಶದ ಓಟಗಾರರೂ ಪೈಲ್ವಾನರೂ ತಂಡವಾಗಿ ಒಲಿಂಪಿಕ್ಸ್‌ಗೆ ಹೋದದ್ದು ಅವರಿಂದ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆ ಮೊದಲ ತಂಡದಲ್ಲಿ ಬೆಳಗಾವಿಯವರೊಬ್ಬರು ಇದ್ದರು ಎಂಬುದಂತೂ ಬೆಳಗಾವಿಯಲ್ಲೇ ಎಷ್ಟು ಜನರಿಗೆ ಗೊತ್ತೋ ಕಾಣೆ. ಈ ಸಲದ ಪತ್ರಿಕೆಗೆ ಅವರ ಜೀವನವನ್ನೇ ಬರೆಯೋಣವೆಂದು ಕುಳಿತೆ.

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬಯಿಯಲ್ಲಿ. ತಂದೆ ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ, ತಾಯಿ ಹೀರಾಬಾಯಿ. ಪಾರ್ಸಿ ಮನೆತನ, ಹತ್ತಿಯ ವ್ಯಾಪಾರ. ಮುಂಬಯಿಯಲ್ಲಿ ಶಾಲೆ ಓದಿದ ಹುಡುಗನನ್ನು 1875ರಲ್ಲಿ ತಂದೆ ಇಂಗ್ಲೆಂಡಿಗೆ ಕಳುಹಿಸಿದರು. ಎರಡು ವರ್ಷದ ಬಳಿಕ ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜು ಸೇರಿದರು. ಅಲ್ಲಿ ಓದಿಗಿಂತ ಮೈದಾನದಲ್ಲಿ ಅವರ ಹೆಸರು ಹೆಚ್ಚು ಕೇಳಿಬಂತು. ಕ್ರಿಕೆಟ್, ಫುಟ್‌ಬಾಲ್, ಟೆನಿಸ್, ದೋಣಿ ಹುಟ್ಟುಹಾಕುವ ಪಂದ್ಯ, ಓಟ, ಕುದುರೆ ಸವಾರಿ, ಒಂದನ್ನೂ ಬಿಡಲಿಲ್ಲ. ಎರಡು ವರ್ಷ ಅಲ್ಲಿದ್ದು, 1879ರಲ್ಲಿ ಮುಂಬಯಿಗೆ ಮರಳಿ, ಸೇಂಟ್ ಝೇವಿಯರ್ಸ್ ಕಾಲೇಜಿನಿಂದ 1882ರಲ್ಲಿ ಪದವಿ ಪಡೆದರು.

ಸಿರಿವಂತರ ಮಗ ನೇರವಾಗಿ ಗಾದಿಯ ಮೇಲೆ ಕುಳಿತಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಅವರು ಮೊದಲು ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಎರಡು ವರ್ಷ ವರದಿಗಾರರಾಗಿ ಕೆಲಸ ಮಾಡಿದರು. 1884ರಲ್ಲಿ ತಂದೆಯ ವ್ಯಾಪಾರಕ್ಕೆ ಬಂದರು. ಅಲ್ಲಿಂದ ಅವರನ್ನು ಪಾಂಡಿಚೇರಿಗೆ ಕಳುಹಿಸಿದರು, ಹತ್ತಿ ಗಿರಣಿ ಹಾಕಿದರೆ ನಡೆದೀತೇ ಎಂದು ನೋಡಿಕೊಂಡು ಬರಲು. ನಂತರ ನಾಗಪುರದ ಎಂಪ್ರೆಸ್ ಮಿಲ್ಲಿನಲ್ಲಿ ಕೆಲಸ ಕಲಿತರು.

ಈ ನಡುವೆ ಮುಂಬಯಿಯಲ್ಲಿ ಅವರು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದರು. ಇಂಗ್ಲೆಂಡಿನಲ್ಲಿ ತಾನು ಆಡಿ ಬಂದ ಆಟಗಳ ರುಚಿ ಇಲ್ಲಿನ ಮಕ್ಕಳಿಗೂ ಹತ್ತಬೇಕು ಎಂಬುದು ಅವರ ಆಸೆ. ಹೈಸ್ಕೂಲುಗಳ ಕ್ರೀಡಾ ಸಂಘವೊಂದನ್ನು ಸ್ನೇಹಿತರ ಜೊತೆ ಸೇರಿ ಕಟ್ಟಿದರು, ಅದರ ಪ್ರಧಾನ ಕಾರ್ಯದರ್ಶಿಯೂ ಅವರೇ. ಮುಂಬಯಿಯಲ್ಲಿ ಆಗ ಪಾರ್ಸಿಗಳ ಶಾಲೆ ಬೇರೆ, ಹಿಂದೂಗಳದು ಬೇರೆ, ಮುಸಲ್ಮಾನರದು ಬೇರೆ, ಮಿಷನರಿಗಳದು ಬೇರೆ. ಬೇರೆ ಬೇರೆ ಸಮಾಜದ ಶಾಲೆಗಳನ್ನು ಒಂದೇ ಮೈದಾನಕ್ಕೆ ತಂದ ಸಂಘ ಅದು. ಮೊದಲು ಕ್ರಿಕೆಟ್, ಆಮೇಲೆ ಓಟ, ಜಿಗಿತ ಮುಂತಾದ ಎಲ್ಲ ಸ್ಪರ್ಧೆಗಳು. ಕಾರ್ಯದರ್ಶಿಗಿರಿ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಮೈದಾನ ಕಾಯ್ದಿರಿಸಬೇಕು, ಹೆಡ್‌ಮಾಸ್ತರರಿಗೆ ಪತ್ರ ಬರೆಯಬೇಕು, ಉತ್ತರ ಬರದಿದ್ದರೆ ಮತ್ತೆ ಬರೆಯಬೇಕು. ಕೋಟ್ಯಧೀಶರ ಮಗ ಈ ಕೆಲಸ ಮಾಡಿದರು ಎಂಬುದು ನನಗೆ ಅವರ ಮೇಲೆ ವಿಶೇಷ ಗೌರವ ಮೂಡಿಸುತ್ತದೆ. ಮುಂದೆ ಪಾರ್ಸಿ ಜಿಮ್‌ಖಾನಾ, ವಿಲಿಂಗ್ಡನ್ ಸ್ಪೋರ್ಟ್ಸ್ ಕ್ಲಬ್ ಇವುಗಳ ಸ್ಥಾಪನೆಯಲ್ಲೂ ಅವರ ಕೈ ಇತ್ತು.

ಅವರ ಮದುವೆಯ ಸಂಬಂಧ ಕೂಡಿಬಂದದ್ದು ನಮ್ಮ ಮೈಸೂರಿನಿಂದ. ಜಮ್‌ಶೆಟ್‌ಜಿಯವರು ಕೆಲಸದ ಮೇಲೆ ಮೈಸೂರು ಸಂಸ್ಥಾನಕ್ಕೆ ಬಂದಾಗ ಅಲ್ಲಿ ಡಾ. ಹೊರ್ಮುಸ್‌ಜಿ ಭಾಭಾ ಅವರ ಮನೆಗೆ ಹೋಗಿದ್ದರು. ಭಾಭಾ ಅವರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿ, ಇನ್‌ಸ್ಪೆಕ್ಟರ್ ಜನರಲ್ ಹುದ್ದೆಗೆ ಏರಿದವರು. ಅವರ ಮಗಳು ಮೆಹರ್‌ಬಾಯಿಯನ್ನು ನೋಡಿ ಜಮ್‌ಶೆಟ್‌ಜಿಗೆ ಮೆಚ್ಚುಗೆಯಾಯಿತು. ಮಗನಿಗೆ ಏನೂ ಬಿಡಿಸಿ ಹೇಳದೆ, ಮೈಸೂರಿಗೆ ಹೋದಾಗ ಭಾಭಾ ಅವರ ಮನೆಗೆ ಹೋಗಿ ಬಾ ಎಂದರಂತೆ. ಹೋದರು, ನೋಡಿದರು, ಒಪ್ಪಿದರು. 1890ರ ದಶಕದ ಕೊನೆಯಲ್ಲಿ ಮದುವೆಯಾಯಿತು. ಇಬ್ಬರ ವಯಸ್ಸಿನಲ್ಲಿ ಇಪ್ಪತ್ತು ವರ್ಷದ ಅಂತರ. ಆದರೆ ಆಟದ ಹುಚ್ಚು ಇಬ್ಬರಿಗೂ ಸಮ. ಮೆಹರ್‌ಬಾಯಿ ಒಳ್ಳೆಯ ಟೆನಿಸ್ ಆಟಗಾರ್ತಿ, ಸೀರೆ ಉಟ್ಟುಕೊಂಡೇ ಆಡಿ ಬಹುಮಾನಗಳನ್ನು ಗೆದ್ದವರು. ಬಾಲ್ಯವಿವಾಹದ ವಿರುದ್ಧವೂ ಹೆಣ್ಣುಮಕ್ಕಳ ವಿದ್ಯೆಯ ಪರವಾಗಿಯೂ ದುಡಿದವರು. ಅಣುವಿಜ್ಞಾನಿ ಹೋಮಿ ಭಾಭಾ ಇದ್ದಾರಲ್ಲ, ಅವರಿಗೆ ಈ ಮೆಹರ್‌ಬಾಯಿ ಸೋದರತ್ತೆ.

1904ರಲ್ಲಿ ಜಮ್‌ಶೆಟ್‌ಜಿ ತೀರಿಕೊಂಡರು. ಉಕ್ಕಿನ ಕಾರ್ಖಾನೆ, ನೀರಿನಿಂದ ವಿದ್ಯುತ್, ಉನ್ನತ ವಿಜ್ಞಾನದ ಸಂಸ್ಥೆ, ಈ ಮೂರು ದೊಡ್ಡ ಕನಸುಗಳು ಕಾಗದದ ಮೇಲೆಯೇ ಉಳಿದಿದ್ದವು. ಅವನ್ನು ನೆಲದ ಮೇಲೆ ತಂದದ್ದು ದೊರಾಬ್ಜಿ, ತಮ್ಮ ರತನ್‌ಜಿ ಮತ್ತು ಜೊತೆಯ ಸಂಗಡಿಗರು. ಬೆಂಗಳೂರಿನಲ್ಲಿ ಮೈಸೂರು ಮಹಾರಾಜರು ಕೊಟ್ಟ 371 ಎಕರೆ ಜಾಗದಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನೆಲೆಗೊಂಡಿತು. ಹಳಬರು ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಉಕ್ಕಿನ ಕತೆ ದೊಡ್ಡದು, ಇಲ್ಲಿ ಅಷ್ಟೂ ಬೇಡ. ನಾಗಪುರದಲ್ಲಿ ಅಧಿಕಾರಿಯೊಬ್ಬರಿಗಾಗಿ ಕಾಯುತ್ತಿದ್ದಾಗ ದೊರಾಬ್ಜಿ ಹೊತ್ತು ಕಳೆಯಲು ಎದುರಿನ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿದ್ದ ಭೂಗರ್ಭ ನಕಾಶೆಯಲ್ಲಿ ಕಬ್ಬಿಣದ ಅದಿರಿನ ಗುರುತು ಕಂಡರು ಎಂಬ ಪ್ರಸಂಗ ಪ್ರಸಿದ್ಧ. 1907ರಲ್ಲಿ ಕಂಪನಿಯ ಷೇರು ಹೊರಡಿಸಿದಾಗ ಸ್ವದೇಶಿ ಚಳವಳಿಯ ಕಾವು ಇತ್ತು. ಸುಮಾರು 8,000 ಮಂದಿ ಭಾರತೀಯರು ಮೂರು ವಾರದೊಳಗೆ ಹಣ ಹಾಕಿದರು. 1912ರಲ್ಲಿ ಮೊದಲ ಉಕ್ಕು ಹೊರಬಂತು. 1910ರಲ್ಲೇ ಅವರಿಗೆ ಸರ್ ಪದವಿ ಬಂದಿತ್ತು.

ಒಂದು ವಿಷಯ ಮಾತ್ರ ಹೇಳಲೇಬೇಕು. ಕಾರ್ಖಾನೆಯ ಜಾಗವೇ ಇನ್ನೂ ಗೊತ್ತಾಗಿರದಿದ್ದ 1902ರಲ್ಲಿ ಜಮ್‌ಶೆಟ್‌ಜಿ ಮಗನಿಗೆ ಒಂದು ಪತ್ರ ಬರೆದಿದ್ದರು. ಮುಂದೆ ಕಟ್ಟುವ ಊರಿನಲ್ಲಿ ಅಗಲವಾದ ರಸ್ತೆ, ನೆರಳಿನ ಮರ, ಎಲ್ಲ ಧರ್ಮದವರ ಗುಡಿ, ಮಸೀದಿ, ಚರ್ಚುಗಳ ಜೊತೆಗೆ ಫುಟ್‌ಬಾಲ್ ಮತ್ತು ಹಾಕಿಗೆ ವಿಶಾಲವಾದ ಬಯಲು ಬಿಡಬೇಕೆಂದು ಅದರಲ್ಲಿತ್ತು. ಜಮ್‌ಶೆಡ್‌ಪುರ ಹಾಗೆ ಬೆಳೆಯಿತು. ಎಲ್ಲ ಸರಿಯಾಗಿತ್ತು ಎಂದೂ ಹೇಳಲಾರೆ. ಅದೇ ಊರಿನಲ್ಲಿ 1920, 1922, 1928ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಮೈದಾನ ಕೊಟ್ಟ ಮಾತ್ರಕ್ಕೆ ಕೂಲಿಯ ಪ್ರಶ್ನೆ ತೀರಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ.

ಪುಣೆಯಲ್ಲಿ 1906ರಲ್ಲಿ ಶುರುವಾದ ಡೆಕ್ಕನ್ ಜಿಮ್‌ಖಾನಾ ಎಂಬ ಸಂಸ್ಥೆಯವರು ದೊರಾಬ್ಜಿಯನ್ನು ತಮ್ಮ ಅಧ್ಯಕ್ಷರನ್ನಾಗಿ ಆರಿಸಿದ್ದರು. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟ ನೋಡಲು ಅವರು ಹೋದರು. ಆಗ ಅವರಿಗೆ ಅರವತ್ತರ ವಯಸ್ಸು. ಓಡುವವರೆಲ್ಲ ಹಳ್ಳಿಯ ಹುಡುಗರು, ಹೊಲದಲ್ಲಿ ದುಡಿಯುವವರು, ಬಡತನದ ಊಟ ಉಂಡವರು. ಯುರೋಪಿನ ನಿಯಮಗಳು ಅವರಿಗೆ ಗೊತ್ತಿರಲಿಲ್ಲ, ಕಲಿಸಿದವರೂ ಇರಲಿಲ್ಲ. ನೂರು ಗಜದ ಓಟವನ್ನು ನೇರ ದಾರಿಯಲ್ಲಿ ಓಡಿಸುವ ಬದಲು ತಿರುವಿನಲ್ಲಿ ಓಡಿಸುತ್ತಿದ್ದರು, ಒಬ್ಬೊಬ್ಬರ ಸಾಲು ಬೇರೆ ಮಾಡಲು ಹುರಿಯನ್ನೂ ಕಟ್ಟಿರಲಿಲ್ಲ. ಒಳಬದಿಯಲ್ಲಿ ಓಡಿದವನಿಗೆ ಲಾಭ, ಹೊರಬದಿಯವನಿಗೆ ನಷ್ಟ. ಕೇಂಬ್ರಿಜ್ ಮೈದಾನ ಕಂಡವರಿಗೆ ಇದೆಲ್ಲ ನಗೆಪಾಟಲಾಗಿ ಕಾಣಬಹುದಿತ್ತು.

ಕೂಟದ ದೊಡ್ಡ ಸ್ಪರ್ಧೆ ಎಂದರೆ ಸುಮಾರು 25 ಮೈಲಿಯ ಓಟ. ಕಲ್ಲು ಬಡಿದ ಗಟ್ಟಿ ರಸ್ತೆ, ಮಣ್ಣಿನ ದಾರಿ, ಬರಿಗಾಲು. ಮೊದಲ ಮೂರು ನಾಲ್ಕು ಮಂದಿ ಓಡಿ ಮುಗಿಸಿದ ರೀತಿ ಕಂಡು ದೊರಾಬ್ಜಿ ಬೆರಗಾದರು. ತರಬೇತಿಯೇ ಇಲ್ಲದೆ ಇಷ್ಟು ಓಡುವವರು ಸರಿಯಾದ ಊಟ, ಒಬ್ಬ ಗುರು ಸಿಕ್ಕರೆ ಎಲ್ಲಿಗೆ ಮುಟ್ಟಿಯಾರು ಎಂಬ ಯೋಚನೆ ಬಂತು. ಮಾರನೆಯ ವರ್ಷ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ ಕ್ರೀಡೆ ನಡೆಯುವುದಿತ್ತು. ಮೂವರು ಓಟಗಾರರನ್ನು ತನ್ನ ಖರ್ಚಿನಲ್ಲಿ ಕಳುಹಿಸುತ್ತೇನೆ ಎಂದು ಅವರು ಮುಂದೆ ಬಂದರು.

ಮೂವರನ್ನು ಕಳುಹಿಸುವ ಮಾತು ಪುಣೆಯ ದೇಶಾಭಿಮಾನಿಗಳಿಗೆ ಸಾಲಲಿಲ್ಲ. ಹೋಗುವುದಾದರೆ ಇಡೀ ತಂಡವೇ ಹೋಗಲಿ ಎಂದು ಹುರುಪು ಬಂತು. ಅದಕ್ಕೂ ಮೊದಲು ನಮ್ಮ ದೇಶದ ಹೆಸರಿನಲ್ಲಿ ಒಲಿಂಪಿಕ್ಸ್‌ನಲ್ಲಿ ಓಡಿದ್ದು ನಾರ್ಮನ್ ಪ್ರಿಚಾರ್ಡ್ ಎಂಬ ಒಬ್ಬರು, 1900ರಲ್ಲಿ ಪ್ಯಾರಿಸ್‌ನಲ್ಲಿ. ತಂಡವೆಂದು ಹೋದದ್ದಿಲ್ಲ. ಪರಾಧೀನ ದೇಶಕ್ಕೆ ಅಲ್ಲಿ ಜಾಗ ಸಿಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ದೊರಾಬ್ಜಿ ಮುಂಬಯಿಯ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಕಿವಿಗೆ ಈ ವಿಷಯ ಹಾಕಿದರು, ಅವರ ನೆರವಿನಿಂದ ಒಲಿಂಪಿಕ್ ಸಮಿತಿಯ ಅನುಮತಿ ದೊರಕಿತು. ಹಣಕ್ಕೆ ತಾವೂ ಕೊಟ್ಟರು, ಸರ್ಕಾರದಿಂದಲೂ ಕೊಡಿಸಿದರು, ಜನರಿಂದ ವಂತಿಗೆಯೂ ಎತ್ತಲಾಯಿತು. ಎಲ್ಲ ಖರ್ಚನ್ನು ಟಾಟಾ ಒಬ್ಬರೇ ಹಾಕಿದರೆಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಅವರ ಮಾತಿನ ಮೇಲೆ ಉಳಿದವರೂ ಜೇಬಿಗೆ ಕೈಹಾಕಿದರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

1920ರ ಬೇಸಿಗೆಯಲ್ಲಿ ತಂಡ ಹಡಗು ಹತ್ತಿತು. ಓಟಕ್ಕೆ ಬಂಗಾಳದ ಪೂರ್ಮಾ ಬ್ಯಾನರ್ಜಿ, ಸದಾಶಿವ ದಾತಾರ್, ಕೈಕಾಡಿ, ಮತ್ತು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಗಡಿಯ ಜಗಳ ಇನ್ನೂ ಹುಟ್ಟಿರಲಿಲ್ಲ. ಚೌಗುಲೆ ಎಂಬ ಅಡ್ಡಹೆಸರು ಗಡಿಯ ಎರಡೂ ಕಡೆ ಇದೆ, ಫಡೆಪ್ಪ ದಾರೆಪ್ಪ ಎಂಬುದನ್ನು ಕೇಳಿದರೆ ಯಾವ ಸೀಮೆಯವರೆಂದು ನಮ್ಮವರಿಗೆ ಹೇಳಬೇಕಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಸದಸ್ಯರ ಮನೆಗಳಲ್ಲಿ ಇಂಥ ಅಪ್ಪಗಳು ಒಬ್ಬಿಬ್ಬರಾದರೂ ಇದ್ದಾರೆ.

ತಂಡ ಮೊದಲು ಇಂಗ್ಲೆಂಡಿನಲ್ಲಿ ಇಳಿದು ಕೆಲವು ವಾರ ತರಬೇತಿ ಪಡೆಯಿತು. ಆಗಸ್ಟ್ 22ರಂದು ಮ್ಯಾರಥಾನ್. ಆ ವರ್ಷದ ದೂರ 42.75 ಕಿ.ಮೀ., ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಒಲಿಂಪಿಕ್ಸ್‌ನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೆ ನಡೆದಿಲ್ಲ. ಫಿನ್‌ಲೆಂಡಿನ ಹಾನೆಸ್ ಕೋಲೆಮಾಯ್ನೆನ್ 2 ಗಂಟೆ 32 ನಿಮಿಷದಲ್ಲಿ ಮೊದಲು ಬಂದರು. ನಮ್ಮ ಫಡೆಪ್ಪನವರು 2 ಗಂಟೆ 50 ನಿಮಿಷದಲ್ಲಿ ಓಡಿ ಮುಗಿಸಿದರು, 19ನೆಯ ಸ್ಥಾನ. ಪತ್ರಿಕೆಯಲ್ಲಿ ಹತ್ತೊಂಬತ್ತನೆಯ ಸ್ಥಾನಕ್ಕೆ ದಪ್ಪಕ್ಷರ ಸಿಗುವುದಿಲ್ಲ. ಆದರೆ ಅದುವರೆಗೆ ಒಲಿಂಪಿಕ್ ಮೈದಾನ ಹೇಗಿರುತ್ತದೆ ಎಂಬುದನ್ನೇ ಕಾಣದ ನಾಡಿನವರೊಬ್ಬರು, ವರ್ಷಗಳ ತರಬೇತಿ ಪಡೆದವರ ಜೊತೆ ಓಡಿ ಹದಿನೆಂಟು ನಿಮಿಷದ ಅಂತರದಲ್ಲಿ ಮುಗಿಸಿದ್ದನ್ನು ನಾನು ಸಣ್ಣದೆಂದು ಎಣಿಸಲಾರೆ.

ಕುಸ್ತಿಯಲ್ಲಿ ಇನ್ನೂ ಹತ್ತಿರ ಹೋದೆವು. ಕೆಂಪು ಮಣ್ಣಿನ ಗರಡಿಯಲ್ಲಿ ಬೆಳೆದ ಶಿಂದೆಯವರು ಫೆದರ್‌ವೇಟ್ ವಿಭಾಗದಲ್ಲಿ ನಾಲ್ಕನೆಯವರಾದರು. ಕಂಚಿನ ಪದಕ ಒಂದು ಪಂದ್ಯದಲ್ಲಿ ತಪ್ಪಿತು. ಕುಸ್ತಿಯಲ್ಲಿ ಅದು ಕೈಗೂಡಲು 32 ವರ್ಷ ಕಾಯಬೇಕಾಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ್ ಕಂಚು ತಂದರು. ಅವರಿಗೂ ಹೋಗುವ ಹಣ ಹೊಂದಿಸುವುದೇ ದೊಡ್ಡ ಕುಸ್ತಿಯಾಗಿತ್ತು. ಕೊಲ್ಲಾಪುರದಲ್ಲಿ ಅವರು ಓದಿದ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಅಡವಿಟ್ಟು ಹಣ ಕೊಟ್ಟ ಕತೆಯನ್ನು ಆ ಕಡೆಯ ಸದಸ್ಯರು ಕೇಳಿರುತ್ತಾರೆ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ, ಬಹಳ ವರ್ಷಗಳಿಂದ ಮನಸ್ಸಿನಲ್ಲಿದೆ. ನಾನು ಗುಮಾಸ್ತನಾಗಿದ್ದ ಕಚೇರಿಗೆ ಒಮ್ಮೆ ಒಬ್ಬ ಹುಡುಗ ವಾಸದ ದಾಖಲೆಗಾಗಿ ಅರ್ಜಿ ತಂದಿದ್ದ. ಮನೆ ಗಡಿಯ ಈ ಕಡೆ, ಕಲಿತ ಕನ್ನಡ ಶಾಲೆ ಆ ಕಡೆ. ಓಟದ ಆಯ್ಕೆಗೆ ಆ ಕಡೆಯವರು ನೀನು ನಮ್ಮವನಲ್ಲ ಎಂದಿದ್ದರು, ಈ ಕಡೆಯವರು ದಾಖಲೆ ತಾ ಎಂದಿದ್ದರು. ಅರ್ಜಿ ಆವಕಕ್ಕೆ ಹಚ್ಚಿ ನಾನೇ ಟ್ರೇಯಲ್ಲಿಟ್ಟೆ. ಸಾಹೇಬರು ದೌರೆಯಲ್ಲಿದ್ದರು, ಸೋಮವಾರ ಬಾ ಎಂದೆ. ಆಯ್ಕೆ ಶನಿವಾರವಿತ್ತು ಎಂಬುದನ್ನು ಅವನು ಹೇಳಿದ್ದನೋ, ನಾನು ಕೇಳಿಸಿಕೊಳ್ಳಲಿಲ್ಲವೋ, ಈಗ ನೆನಪಿಲ್ಲ. ಸೋಮವಾರ ಅವನು ಬರಲಿಲ್ಲ. ಸಹಿಯಾದ ದಾಖಲೆ ಬಹಳ ದಿನ ನನ್ನ ಕಪಾಟಿನಲ್ಲೇ ಉಳಿಯಿತು. ಸಾಹೇಬರು ತಂಗಿದ್ದ ಕಡೆಗೆ ಒಬ್ಬ ಸಿಪಾಯಿಯನ್ನು ಕಳುಹಿಸಿದ್ದರೆ ಆಗುತ್ತಿತ್ತು, ನನಗೆ ಹೊಳೆಯಲಿಲ್ಲ. ಗವರ್ನರರ ತನಕ ಹೋಗಿ ಅನುಮತಿ ತಂದ ದೊರಾಬ್ಜಿಯ ಸಂಗತಿ ಓದುವಾಗಲೆಲ್ಲ ಆ ಕಪಾಟು ನೆನಪಾಗುತ್ತದೆ.

ಆಂಟ್‌ವರ್ಪ್‌ನಿಂದ ಪದಕ ಬರಲಿಲ್ಲ. ಹಣ ಹಾಳಾಯಿತು ಎಂದು ಕೈಚೆಲ್ಲಿ ಕುಳಿತಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅದೇ 1920ರಲ್ಲಿ ದೊರಾಬ್ಜಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು, ಆ ಸ್ಥಾನಕ್ಕೆ ಹೋದ ಮೊದಲ ಭಾರತೀಯ. ಮೊದಲ ಸಲ ಆಟಗಾರರು ಹೆಚ್ಚಾಗಿ ಪುಣೆ ಮುಂಬಯಿ ಸುತ್ತಿನವರು. ಮುಂದಿನ ಸಲ ಇಡೀ ದೇಶದಿಂದ ಆರಿಸಬೇಕೆಂದರೆ ಪ್ರಾಂತ ಪ್ರಾಂತಗಳಲ್ಲಿ ಸಂಘ ಬೇಕು, ಪಂದ್ಯ ಬೇಕು, ದಾಖಲೆ ಇಡುವವರು ಬೇಕು. ಈ ಕೆಲಸಕ್ಕೆ ಅವರಿಗೆ ಜೊತೆಯಾದವರು ವೈ.ಎಂ.ಸಿ.ಎ. ಸಂಸ್ಥೆಯ ಡಾ. ನೋರೆನ್, ಮತ್ತು ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದಿದ್ದ ಹ್ಯಾರಿ ಬಕ್. ನಮ್ಮ ಶಾಲೆಗಳಲ್ಲಿ ಪಿ.ಟಿ. ಮಾಸ್ತರು ಎಂಬ ಹುದ್ದೆ ಬೆಳೆದು ಬಂದ ಹಾದಿಯಲ್ಲಿ ಆ ಕಾಲೇಜಿನ ಪಾತ್ರ ದೊಡ್ಡದು.

1924ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಕ್ರೀಡಾಕೂಟ ನಡೆಯಿತು. ಪ್ರಾಂತಗಳಲ್ಲಿ ಗೆದ್ದವರು ಅಲ್ಲಿ ಸೇರಿದರು, ಅವರಿಂದ ಪ್ಯಾರಿಸ್ ತಂಡ ಆರಿಸಲಾಯಿತು. ನಾವು ಇಂದು ರಾಷ್ಟ್ರೀಯ ಕ್ರೀಡಾಕೂಟ ಎಂದು ಕರೆಯುವುದರ ಮೂಲ ಅದು. ಪ್ಯಾರಿಸ್‌ಗೆ ಹೋದವರಲ್ಲಿ ಉದ್ದ ಜಿಗಿತದ ದಲೀಪ್ ಸಿಂಗ್, ಹರ್ಡಲ್ಸ್ ಓಟದ ಲಕ್ಷ್ಮಣನ್ ಮುಂತಾದವರಿದ್ದರು. ಟೆನಿಸ್‌ಗೆ ಸಿಡ್ನಿ ಜೇಕಬ್, ಮೊಹಮ್ಮದ್ ಸಲೀಂ, ಹಾದಿ, ಫೈಜಿ. ಜೇಕಬ್ ಅವರು ಕ್ವಾರ್ಟರ್ ಫೈನಲ್ ತಲುಪಿದರು. ಹೊಲದ ಹುಡುಗನಿಂದ ಹಿಡಿದು ಕ್ಲಬ್ಬಿನ ಟೆನಿಸ್ ಆಟಗಾರನ ತನಕ, ಮಣ್ಣಿನ ಪೈಲ್ವಾನನಿಂದ ಹಿಡಿದು ಶಾಲೆಯ ಕ್ರಿಕೆಟ್ ಹುಡುಗನ ತನಕ, ಈ ಒಬ್ಬ ಮನುಷ್ಯನ ನೆರವು ಹರಿದದ್ದು ಎಷ್ಟು ಬಗೆಯ ಆಟಗಳಿಗೆ ನೋಡಿ. ತನಗೆ ಇಷ್ಟದ ಒಂದು ಆಟಕ್ಕೆ ದುಡ್ಡು ಸುರಿಯುವ ಶ್ರೀಮಂತರು ಆಗಲೂ ಇದ್ದರು, ಈಗಲೂ ಇದ್ದಾರೆ.

ಪ್ಯಾರಿಸ್ ತಂಡದ ಖರ್ಚಿಗೂ ದೊರಾಬ್ಜಿ ನೆರವಾದರು. ಅದೇ 1924 ಅವರ ಬದುಕಿನ ಅತಿ ಕಷ್ಟದ ವರ್ಷ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಯುದ್ಧದ ನಂತರ ಉಕ್ಕಿನ ಬೆಲೆ ಬಿದ್ದು ಕಂಪನಿ ಸಾಲದಲ್ಲಿ ಮುಳುಗಿತ್ತು, ಕೂಲಿ ಬಟವಾಡೆಗೂ ಹಣವಿಲ್ಲದ ಸ್ಥಿತಿ. ದೊರಾಬ್ಜಿ ತಮ್ಮ ಸ್ವಂತ ಆಸ್ತಿ ಸುಮಾರು ಒಂದು ಕೋಟಿ ರೂಪಾಯಿಯಷ್ಟನ್ನು, ಪತ್ನಿಯ ಒಡವೆಗಳನ್ನೂ ಸೇರಿಸಿ, ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದರು. ಮೆಹರ್‌ಬಾಯಿಗೆ ಅವರು ತಂದುಕೊಟ್ಟಿದ್ದ ಜ್ಯೂಬಿಲಿ ವಜ್ರ 245 ಕ್ಯಾರೆಟ್ಟಿನದು, ಕೊಹಿನೂರಿನ ಎರಡರಷ್ಟು ದೊಡ್ಡದು. ಅದೂ ಆ ಒಡವೆಗಳ ಜೊತೆ ಹೋಯಿತೆಂದು ಹೇಳುತ್ತಾರೆ. ಕಂಪನಿ ಉಳಿಯಿತು.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಯಿತು, ದೊರಾಬ್ಜಿ ಮೊದಲ ಅಧ್ಯಕ್ಷರು. ಮರುವರ್ಷ ಆ ಸ್ಥಾನ ಬಿಟ್ಟರು, ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಬಂದರು. ಅದೇ 1928ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಹಾಕಿ ತಂಡ ಚಿನ್ನ ಗೆದ್ದಿತು. ಹಾಕಿಯವರ ಸಂಘ ಬೇರೆ, ಆ ಗೆಲುವಿನ ಶ್ರೇಯ ಆಡಿದವರದು. ಆದರೆ ಎಂಟು ವರ್ಷ ಮೊದಲು ಬಾಗಿಲು ತೆರೆದವರು ಅದನ್ನು ಕಣ್ಣಾರೆ ಕಂಡ ಕಾಲದಲ್ಲಿ ಬದುಕಿದ್ದರು ಎಂಬುದು ನನಗೆ ಸಮಾಧಾನದ ವಿಷಯ. 1930ರಲ್ಲಿ ಅಂತಾರಾಷ್ಟ್ರೀಯ ಸಮಿತಿಯ ಸದಸ್ಯತ್ವವೂ ಮುಗಿಯಿತು.

1931ರ ಜೂನ್‌ನಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ ಐವತ್ತೆರಡೂ ತುಂಬಿರಲಿಲ್ಲ. ಇಂಗ್ಲೆಂಡಿನಲ್ಲಿ, ಲಂಡನ್ನಿನ ಹೊರಗಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮಕ್ಕಳಿರಲಿಲ್ಲ. ದೊರಾಬ್ಜಿ ಆ ರೋಗದ ಸಂಶೋಧನೆಗೆಂದು ಪತ್ನಿಯ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡಿದರು. 1932ರ ಮಾರ್ಚ್‌ನಲ್ಲಿ ತಮ್ಮ ಆಸ್ತಿಯನ್ನೆಲ್ಲ ಇನ್ನೊಂದು ಟ್ರಸ್ಟಿಗೆ ಬರೆದುಕೊಟ್ಟರು. ಜಾಗ, ದೇಶ, ಧರ್ಮ ನೋಡದೆ ಕಲಿಕೆಗೂ ಸಂಶೋಧನೆಗೂ ಕಷ್ಟದಲ್ಲಿದ್ದವರಿಗೂ ಹಣ ಸಲ್ಲಬೇಕೆಂಬುದು ಅದರ ಉದ್ದೇಶ. ಮುಂಬಯಿಯ ಟಾಟಾ ಕ್ಯಾನ್ಸರ್ ಆಸ್ಪತ್ರೆ ಬಂದದ್ದು ಆ ಹಣದಿಂದ. ನಮ್ಮ ಸೊಲ್ಲಾಪುರ ಕಡೆಯಿಂದ ಅಲ್ಲಿಗೆ ಹೋಗಿ ಬಂದ ಕುಟುಂಬಗಳು ಎಷ್ಟಿಲ್ಲ. ಜ್ಯೂಬಿಲಿ ವಜ್ರವೂ ಅವರ ಕಾಲಾನಂತರ ಮಾರಾಟವಾಗಿ ಆ ಹಣ ಟ್ರಸ್ಟ್ ಸೇರಿತು.

ಆಸ್ತಿ ಬರೆದುಕೊಟ್ಟು ಮೂರು ತಿಂಗಳೂ ಆಗಿರಲಿಲ್ಲ. ಪತ್ನಿಯ ಸಮಾಧಿ ನೋಡಲೆಂದು ಇಂಗ್ಲೆಂಡಿಗೆ ಹೊರಟವರು ದಾರಿಯಲ್ಲಿ ಜರ್ಮನಿಯ ಬಾಡ್ ಕಿಸಿಂಗೆನ್ ಎಂಬ ಊರಿನಲ್ಲಿ 1932ರ ಜೂನ್ 3ರಂದು ತೀರಿಕೊಂಡರು. ಆಗ 72 ವರ್ಷ. ಬ್ರೂಕ್‌ವುಡ್‌ನಲ್ಲಿ ಮೆಹರ್‌ಬಾಯಿಯವರ ಪಕ್ಕದಲ್ಲಿಯೇ ಅವರನ್ನೂ ಮಲಗಿಸಿದರು.

ಮುಂದಿನ ಸಭೆಯಲ್ಲಿ ಅರ್ಧಕ್ಕೆ ನಿಂತ ವಿಷಯವನ್ನು ಮತ್ತೆ ಎತ್ತಿಕೊಳ್ಳುವವರಿದ್ದೇವೆ. ಅದಕ್ಕೆ ಮೊದಲು ಕಾಸರಗೋಡಿನಿಂದ ಜತ್ತದವರೆಗೆ, ತಾಳವಾಡಿಯಿಂದ ಆದವಾನಿಯವರೆಗೆ ಎಲ್ಲ ಊರಿನ ಸದಸ್ಯರು ತಮ್ಮ ಊರಿನಲ್ಲಿ ಚೆನ್ನಾಗಿ ಆಡುವ ಮಕ್ಕಳ ಒಂದು ಪಟ್ಟಿ ಮಾಡಿ ಕಳುಹಿಸಬೇಕಾಗಿ ವಿನಂತಿ. ಕಬಡ್ಡಿ, ಖೋ ಖೋ, ವಾಲಿಬಾಲ್, ಕುಸ್ತಿ, ಓಟ, ಯಾವುದಾದರೂ ಸರಿ. ಮಗುವಿನ ಹೆಸರು, ಊರು, ಆಟ, ಯಾವ ರಾಜ್ಯದ ಆಯ್ಕೆಗೆ ಹೋಗಬೇಕು, ಈಗ ತಡೆದಿರುವುದು ಹಣವೋ, ದಾಖಲೆಯೋ, ಕಲಿಸುವವರಿಲ್ಲದಿರುವುದೋ, ಇಷ್ಟು ಬರೆದರೆ ಸಾಕು. ಮೈದಾನಕ್ಕೆ ಒಮ್ಮೆ ಹೋಗಿ ಮಗುವಿನ ಆಟವನ್ನು ಕಣ್ಣಾರೆ ನೋಡಿ ಬರೆಯಿರಿ. ದಾಖಲೆಯ ತೊಡಕು ಇರುವ ಅರ್ಜಿಗಳನ್ನು ನೇರವಾಗಿ ನನಗೆ ಕೊಡಿ, ಅವನ್ನು ಕಚೇರಿಗಳಿಗೆ ನಾನೇ ಒಯ್ಯುತ್ತೇನೆ.

– ಕಾರ್ಯದರ್ಶಿ